ಪದ ಬೇಕು: ಶೇವಿಂಗ್ ಸೋಪಿನ ‘ಫೂಜೇರ್’ಗೆ ಕನ್ನಡದಲ್ಲಿ ಏನು? (ನಾಳೆಯೊಳಗೆ)

ನೊರೆಪ್ರಿಯ:
ನಮಸ್ಕಾರ. ಬ್ರಷ್‌ನಲ್ಲಿ ತಿಕ್ಕಿ ನೊರೆ ಎಬ್ಬಿಸುವ ಹಳೇ ಥರದ ಶೇವಿಂಗ್ ಸೋಪಿಗೆ ಲೇಬಲ್ ಬರೆಯುತ್ತಿದ್ದೇನೆ. ಮೂರು ಡಬ್ಬಿ, ಮೂರು ಕಾಲ. ಬೇಸಗೆಗೆ ನಿಂಬೆ ಮತ್ತು ಮೆಂಥಾಲ್, ಮಳೆಗಾಲಕ್ಕೆ ಫೂಜೇರ್ ಅನ್ನುವ ಪರಿಮಳ, ಚಳಿಗೆ ಶ್ರೀಗಂಧ ಮತ್ತು ಹೊಗೆಸೊಪ್ಪು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಕಾಲಕ್ಕೆ ತಕ್ಕ ಪರಿಮಳಕ್ಕೆ ‘ಋತುಗಂಪು’ ಅಂದುಕೊಂಡಿದ್ದೆ. ಫೂಜೇರ್ ಅಂದರೆ ಫ್ರೆಂಚಿನಲ್ಲಿ ಜರಿಗಿಡ. ‘ಜರಿಗಂಪು’ ಆಗುತ್ತಾ?

ಅರಿಸಮಾಸವೈರಿ:
ಋತುಗಂಪು ಅರಿಸಮಾಸ, ಸಂಸ್ಕೃತದ ಪದಕ್ಕೆ ಕನ್ನಡದ ಪದ ಅಂಟಿಸಿದ್ದು. ಬಿಡಿ. ಅದೂ ಅಲ್ಲದೆ ‘ಋತು’ ಅಂದರೆ ಜನ ಬೇರೆ ಅರ್ಥವನ್ನೂ ಹಚ್ಚಿಕೊಳ್ಳುತ್ತಾರೆ. ಜರಿಗಂಪು ಅಂದರೆ ಸೀರೆಯ ಜರಿಯೋ, ಗೋಡೆ ಮೇಲೆ ಹರಿದಾಡುವ ಜರಿಯೋ?

ತಣ್ಪು:
‘ಕಂಪು’ ಬಿಡಬೇಡಿ. ತಣ್+ಪು ತಂಪು, ಇನ್+ಪು ಇಂಪು, ಹಾಗೇ ಕಮ್+ಪು ಕಂಪು. ‘ಕಮ್ಮನೆ’ಯಲ್ಲಿರುವುದೂ ಅದೇ ಕಮ್. ಬೇಸಗೆ ಡಬ್ಬಿಗೆ ‘ತಂಪುಗಂಪು’ ಅಂತ ಹಾಕಿ, ಮೆಂಥಾಲಿಗೆ ಇದಕ್ಕಿಂತ ಒಳ್ಳೆಯದು ಸಿಗಲ್ಲ. ಚಳಿಗಾಲಕ್ಕೆ ಚಳಿಗಂಪು, ಮಳೆಗಾಲಕ್ಕೆ ಮಳೆಗಂಪು. ಸಂಧಿಯೂ ಸರಿ, ಕನ್ನಡವೂ ಸರಿ.

ಹಳೇ ರೇಜರ್:
ಮಳೆಗಂಪು ಅಂದರೆ ಮೊದಲ ಮಳೆಯ ಮಣ್ಣಿನ ವಾಸನೆ ಅಂತಲೇ ಎಲ್ಲರೂ ತಿಳಿಯೋದು. ಡಬ್ಬಿ ತೆರೆದವನು ಮಣ್ಣು ಹುಡುಕುತ್ತಾನೆ. ‘ತಂಪು’ ಕೂಡ ಅರ್ಧ ಸುಳ್ಳು. ಮೆಂಥಾಲ್ ಚರ್ಮವನ್ನು ನಿಜವಾಗಿ ತಣ್ಣಗೆ ಮಾಡಲ್ಲ, ತಣ್ಣಗಿದೆ ಅಂತ ಹೇಳುವ ನರಗಳನ್ನು ಕೆಣಕುತ್ತೆ ಅಷ್ಟೇ.

ಇನ್ನು ಫೂಜೇರ್. ಪದಕ್ಕೆ ಪದ ಹುಡುಕುವ ಮೊದಲು ವಸ್ತು ನೋಡಿ. ಜರಿಗಿಡಕ್ಕೆ ಹೇಳಿಕೊಳ್ಳುವಂಥ ಪರಿಮಳವೇ ಇಲ್ಲ. 1882ರಲ್ಲಿ ಊಬಿಗಾನ್ ಅನ್ನುವ ಫ್ರೆಂಚ್ ಸಂಸ್ಥೆ ‘ಫೂಜೇರ್ ರೊಯಾಲ್’ ಅಂತ ಒಂದು ಅತ್ತರು ತಂದಿತು. ಜರಿಗಿಡಕ್ಕೆ ಪರಿಮಳ ಇದ್ದಿದ್ದರೆ ಹೀಗಿರುತ್ತಿತ್ತು ಅನ್ನುವ ಕಲ್ಪನೆ ಅದು. ಒಳಗಿದ್ದದ್ದು ಲ್ಯಾವೆಂಡರ್, ಓಕ್‌ಮಾಸ್ (ಓಕ್ ಮರದ ಮೇಲೆ ಬೆಳೆಯುವ, ಪಾಚಿಯಂತೆ ಕಾಣುವ ಕಲ್ಲುಹೂವು), ಕೂಮರಿನ್. ಈ ಕೂಮರಿನ್‌ನ ವಾಸನೆ ಕೊಯ್ದ ಹುಲ್ಲು ಬಿಸಿಲಿಗೆ ಬಾಡುವಾಗ ಬರುತ್ತಲ್ಲ, ಹೆಚ್ಚುಕಮ್ಮಿ ಅದೇ. ಆಮೇಲೆ ಆ ಜಾತಿಯ ಪರಿಮಳಕ್ಕೆಲ್ಲ ಫೂಜೇರ್ ಅಂತಲೇ ಹೆಸರು ನಿಂತಿತು. ಕ್ಷೌರದಂಗಡಿ ವಾಸನೆ ಅಂತ ನಾವು ಅನ್ನೋದೂ ಬಹಳ ಸಲ ಇದನ್ನೇ.

ತಣ್ಪು:
ಹಾಗಾದರೆ ‘ಹುಲ್ಗಂಪು’. ಮುಗೀತು.

ಅಲ್ಪಪ್ರಾಣ:
ಯಾರೂ ‘ಗಮ’ ಅನ್ನಲಿಲ್ಲ. ಗಮಗಮ ಅನ್ನೋದು ನಮ್ಮದೇ ಮಾತು. ‘ಘ’ ಹಾಕಿ ಅದನ್ನು ಸಂಸ್ಕೃತದ ಹಾಗೆ ಕಾಣಿಸುವ ಚಾಳಿ ಸಾಕು. ‘ಲೇಬಲ್’ ಬದಲು ‘ಹಣೆಚೀಟಿ’ ಅನ್ನಬಹುದು. ‘ಸೋಪು’ ಯಾಕೆ? ಸಬಕಾರ ಇಲ್ಲವಾ?

ಅರಿಸಮಾಸವೈರಿ:
ಸಬಕಾರದ ‘ಕಾರ’ ಸಂಸ್ಕೃತದ ಕ್ಷಾರದಿಂದ ಬಂದದ್ದು ಸ್ವಾಮಿ. ನಿಮ್ಮ ತಕ್ಕಡಿಯಲ್ಲಿ ಅದೂ ನಿಲ್ಲಲ್ಲ. ಡಬ್ಬಿ ಮೇಲೆ ‘ಗಮ’ ಅಂತ ಬರೆದರೆ ಅಂಟು ಅಂದುಕೊಂಡು ಪುಸ್ತಕಕ್ಕೆ ಹಚ್ಚುತ್ತಾರೆ.

ಅಲ್ಪಪ್ರಾಣ:
ತಮಾಷೆ ಮಾಡುವುದು ಸುಲಭ. ‘ನಾತ’ ಕೂಡ ನಮ್ಮದೇ. ನರುಗಂಪಿನ ‘ನರು’ವಿಗೂ ನಾತಕ್ಕೂ ಬೇರು ಒಂದೇ. ಒಳ್ಳೆಯ ವಾಸನೆಗೆ ಸಂಸ್ಕೃತದ ಪರಿಮಳ ತಂದು ಕೂರಿಸಿ, ನಮ್ಮ ಪದವನ್ನು ಚರಂಡಿಗೆ ತಳ್ಳಿದ್ದೇವೆ.

ಹಳೇ ರೇಜರ್:
ಇರಬಹುದು. ಹಾಗಂತ ‘ಚಳಿಗಾಲದ ನಾತ’ ಅಂತ ಅಚ್ಚು ಹಾಕಿಸೋಣವಾ?

ನೊರೆಪ್ರಿಯ:
ದಯವಿಟ್ಟು ಲೇಬಲ್‌ಗೆ ಬನ್ನಿ. ‘ಶೇವಿಂಗ್’ಗೆ ಏನು ಹಾಕಲಿ? ‘ಬೋಳಿಸು’ ಬೈಗುಳದ ಹಾಗಿದೆ. ‘ಹೆರೆ’ ಅಂತ ಒಬ್ಬರು ಖಾಸಗಿಯಾಗಿ ಬರೆದಿದ್ದಾರೆ.

ಅರಿಸಮಾಸವೈರಿ:
ಹೆರೆಯೋದಕ್ಕೆ ಮುಖ ಏನು ಹಲಗೆಯಾ? ಕ್ಷೌರ.

ಹಳೇ ರೇಜರ್:
ಕ್ಷೌರ ಅಂದರೆ ತಲೆಗೂದಲು ಮೊದಲು ನೆನಪಾಗುತ್ತೆ. ‘ಶೇವಿಂಗ್ ಸೋಪು’ ಅಂತಲೇ ಬಿಡಿ, ಎಲ್ಲರ ಬಾಯಲ್ಲೂ ಇದೆ. ಒಂದು ಮಾತು ಮಾತ್ರ. ಬಿಸಿ ನೀರು ಬಿದ್ದು ನೊರೆ ಎದ್ದ ಮೇಲೇ ಈ ಸೋಪಿನ ಪರಿಮಳ ಬಿಚ್ಚಿಕೊಳ್ಳೋದು. ನಿಂಬೆ ಮೊದಲು ಹಾರಿಹೋಗುತ್ತೆ, ಅದರ ಅಣುಗಳು ಹಗುರ. ಶ್ರೀಗಂಧ ಮುಖ ತೊಳೆದ ಮೇಲೂ ಉಳಿಯುತ್ತೆ. ಚಳಿಯಲ್ಲಿ ಪರಿಮಳ ನಿಧಾನವಾಗಿ ಏಳುತ್ತೆ, ಅದಕ್ಕೇ ಆಗ ಭಾರದ್ದು ಹಿತ. ಅದನ್ನೇ ಸೆಕೆಯಲ್ಲಿ ಹಚ್ಚಿ ನೋಡಿ, ಉಸಿರು ಕಟ್ಟುತ್ತೆ. ಇಷ್ಟೆಲ್ಲ ಒಂದೇ ಸಮಾಸದಲ್ಲಿ ತುರುಕಬೇಡಿ. ‘ಬೇಸಗೆಯ ಕಂಪು’, ‘ಮಳೆಗಾಲದ ಕಂಪು’, ‘ಚಳಿಗಾಲದ ಕಂಪು’ ಅಂತ ಷಷ್ಠಿ ವಿಭಕ್ತಿ ಹಾಕಿ ಬಿಡಿಸಿ ಬರೆಯಿರಿ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಫೂಜೇರ್: ಲ್ಯಾವೆಂಡರ್, ಓಕ್‌ಮಾಸ್, ಬಾಡುವ ಹುಲ್ಲು’.

ತಣ್ಪು:
ಫೂಜೇರ್ ಹಾಗೇ ಇಟ್ಟರೆ ಸೋತ ಹಾಗೆ. ಹುಲ್ಗಂಪಿಗೆ ಏನಾಗಿದೆ?

ನೊರೆಪ್ರಿಯ:
ಹುಲ್ಗಂಪು ನನಗೂ ಇಷ್ಟ ಸರ್. ಆದರೆ ಮನೆಯಲ್ಲಿ ಓದಿ ಹೇಳಿದೆ, ‘ದನಕ್ಕಾ?’ ಅಂತ ಕೇಳಿದರು. ಷಷ್ಠಿಯೇ ಇಟ್ಟು ಫೈಲು ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್.

ಅಲ್ಪಪ್ರಾಣ:
ಷಷ್ಠಿ ಕನ್ನಡದಲ್ಲಿ ಇದೆಯೇ ಇಲ್ಲವೇ ಅನ್ನುವುದೇ ಬೇರೆ ಚರ್ಚೆ.

ಅರಿಸಮಾಸವೈರಿ:
ಬೇರೆ ಎಳೆಯಲ್ಲಿ ಮಾಡಿ.