ಪದಚರ್ಚೆ: ‘ಇನ್ಸುಲಿನ್ ಪ್ರತಿರೋಧ’ ಕಡಿಮೆಯಾದರೆ ಒಳ್ಳೆಯದೋ ಕೆಟ್ಟದ್ದೋ?

ಗೆಳೆಯರೇ,

ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ವ್ಯಾಯಾಮ ಮತ್ತು ಸಕ್ಕರೆ ಕಾಯಿಲೆ ಬಗ್ಗೆ ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವ್ಯಾಯಾಮದಿಂದ ಇನ್ಸುಲಿನ್ ಪ್ರತಿರೋಧ ಕಡಿಮೆಯಾಗುತ್ತದೆ’ ಎಂದು ಬರೆದಿದ್ದೆ. ಕರಡನ್ನು ನಮ್ಮತ್ತೆಗೆ ಓದಲು ಕೊಟ್ಟೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು, ‘ಕಡಿಮೆ ಆದ್ರೆ ಕಷ್ಟ ಅಲ್ವಾ? ಹಾಗಾದ್ರೆ ವಾಕಿಂಗ್ ಬಿಟ್ಟುಬಿಡ್ಲಾ?’ ಅಂದರು. ನನಗೆ ನಗು ಬರಲಿಲ್ಲ. ಅವರು ಕನ್ನಡವನ್ನು ಸರಿಯಾಗಿಯೇ ಓದಿದ್ದರು. ಆದರೆ ಇಂಗ್ಲಿಷಿನ ‘ಇನ್ಸುಲಿನ್ ರೆಸಿಸ್ಟೆನ್ಸ್’ಗೆ ನಾವಿಟ್ಟ ಈ ಹೆಸರಿನ ಹಿಂದಿರುವುದು ಕೆಟ್ಟ ಸ್ಥಿತಿ, ಕಡಿಮೆಯಾದರೇ ಒಳ್ಳೆಯದು.

ನಮಗೆ ‘ರೋಗನಿರೋಧಕ ಶಕ್ತಿ’ ಎಂಬ ಮಾತು ಬಾಯಿಪಾಠ. ಅದು ಹೆಚ್ಚಾದಷ್ಟೂ ಒಳ್ಳೆಯದು. ಹಾಗಾಗಿ ಮೈಯ ವಿಷಯದಲ್ಲಿ ನಿರೋಧ, ಪ್ರತಿರೋಧ ಅಂದ ಕೂಡಲೇ ಕಿವಿಗೆ ಒಳ್ಳೆಯ ಸುದ್ದಿಯಂತೆ ಕೇಳುತ್ತದೆ. ‘ಇನ್ಸುಲಿನ್ ನಿರೋಧಕ ಶಕ್ತಿ’ ಎಂದು ಬರೆದವರನ್ನೂ ಕಂಡಿದ್ದೇನೆ. ಅದಂತೂ ಟಾನಿಕ್ ಜಾಹೀರಾತೇ ಸರಿ.

ಇನ್ನೊಂದು ತೊಡಕಿದೆ. ‘ಜನರ ಪ್ರತಿರೋಧ’ ಅಂದರೆ ಜನ ಒಡ್ಡುವ ತಡೆ. ಹಾಗಾದರೆ ‘ಇನ್ಸುಲಿನ್ ಪ್ರತಿರೋಧ’ ಅಂದರೆ? ಇನ್ಸುಲಿನ್ನೇ ಏನನ್ನೋ ತಡೆಯುತ್ತಿದೆ ಎಂದು ಓದಿಕೊಂಡರೆ ಓದುಗರ ತಪ್ಪಿಲ್ಲ. ನಿಜದಲ್ಲಿ ನಡೆಯುವುದು ಬೇರೆ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಅದು ಸ್ನಾಯುವಿನ ಜೀವಕೋಶದ ಹೊರಗೆ ನಿಂತು ಕೂಗು ಹಾಕುತ್ತದೆ. ಆಗ ಕೋಶದೊಳಗಿನ ಗ್ಲುಟ್-4 ಎಂಬ ಪ್ರೋಟೀನ್ ಅಂಚಿಗೆ ಬಂದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೂಗಿದರೂ ಕೋಶ ಕೇಳಿಸಿಕೊಳ್ಳದೆ ಇದ್ದರೆ ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ, ಅಂದರೆ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ವರ್ಷಗಟ್ಟಲೆ ಹೀಗೇ ನಡೆಯಬಹುದು. ಅಷ್ಟು ದಿನವೂ ಸಕ್ಕರೆ ಪರೀಕ್ಷೆಯಲ್ಲಿ ಎಲ್ಲಾ ಸರಿಯಾಗೇ ಕಾಣಬಹುದು. ಗ್ರಂಥಿ ಸೋತಾಗ ಸಕ್ಕರೆ ಏರಿ ನಿಲ್ಲುತ್ತದೆ.

ಇಲ್ಲಿ ಯಾರೂ ಯಾರನ್ನೂ ಎದುರಿಸುತ್ತಿಲ್ಲ. ಕರೆಗೆ ಓಗೊಡುತ್ತಿಲ್ಲ, ಅಷ್ಟೇ.

ಸರಿ, ಅದರ ಎದುರು ಪದಕ್ಕಾದರೂ ಹೋಗೋಣ ಅಂದರೆ ಅಲ್ಲೂ ಅದೇ ಗೋಳು. ‘ವ್ಯಾಯಾಮದಿಂದ ಇನ್ಸುಲಿನ್ ಸೂಕ್ಷ್ಮತೆ ಹೆಚ್ಚುತ್ತದೆ’ ಎಂದು ಬರೆಯುವುದು ರೂಢಿ. ‘ಅವಳ ಮೈ ತುಂಬಾ ಸೂಕ್ಷ್ಮ’ ಅಂದರೆ ಏನರ್ಥ? ಸ್ವಲ್ಪ ಗಾಳಿ ತಾಕಿದರೂ ನೆಗಡಿ ಬರುತ್ತದೆ ಅಂತ. ಅಂದರೆ ಕೆಟ್ಟದ್ದಕ್ಕೆ ಒಳ್ಳೆಯ ಹೆಸರು, ಒಳ್ಳೆಯದಕ್ಕೆ ಕೆಟ್ಟ ಹೆಸರು. ಎರಡೂ ಪದಗಳು ತಿರುಗಾಮುರುಗಾ ಕೂತಿವೆ!

ಮೂಲದಲ್ಲೇ ಇದು ಇಷ್ಟು ಬಿಗಿಯಾಗಿರಲಿಲ್ಲ ಅನ್ನುವುದು ಒಂದು ಸಮಾಧಾನ. 1936ರಲ್ಲಿ ಬ್ರಿಟಿಷ್ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್ ಮಧುಮೇಹವನ್ನು ಎರಡು ಬಗೆ ಮಾಡಿದಾಗ ಇಟ್ಟ ಹೆಸರುಗಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಇನ್ಸುಲಿನ್ ತಾಕುವಂಥದ್ದು’, ‘ಇನ್ಸುಲಿನ್ ತಾಕದಂಥದ್ದು’. ಎದುರಾಳಿತನದ ಮಾತೇ ಅಲ್ಲಿಲ್ಲ.

ನನಗೆ ಹೊಳೆದ ಪದಗಳು ಇವು. ‘ಇನ್ಸುಲಿನ್ ಮೊಂಡುತನ’: ಕೇಳಲು ಚೆನ್ನಾಗಿದೆ, ಆದರೆ ಮೊಂಡು ಯಾರು ಎಂಬ ಪ್ರಶ್ನೆ ಮತ್ತೆ ಬರುತ್ತದೆ. ‘ಇನ್ಸುಲಿನ್‌ಗೆ ಸ್ಪಂದಿಸದಿರುವುದು’: ‘ರೋಗಿ ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’ ಎಂದು ದಿನಾ ಓದುತ್ತೇವಲ್ಲ, ಹಾಗಾಗಿ ಇದು ಯಾರಿಗೂ ಹೊಸದಲ್ಲ. ‘ಇನ್ಸುಲಿನ್‌ಗೆ ಓಗೊಡದಿರುವುದು’: ನನ್ನ ಮನಸ್ಸು ಇದರ ಕಡೆಗೇ ಇದೆ. ‘ಗೆ’ ಪ್ರತ್ಯಯ ಸೇರಿದ ಕೂಡಲೇ ಕೇಳುವವರು ಕೋಶ, ಕರೆಯುವುದು ಇನ್ಸುಲಿನ್ ಎಂದು ತಾನಾಗಿ ಗೊತ್ತಾಗುತ್ತದೆ.

ಈ ಪದ ಹಿಡಿದರೆ ವ್ಯಾಯಾಮದ ಭಾಗ ಬರೆಯುವುದೂ ಸುಲಭವಾಯಿತು. ಸ್ನಾಯು ದುಡಿಯುವಾಗ ಗ್ಲುಟ್-4 ಇನ್ಸುಲಿನ್ ಕರೆಗೆ ಕಾಯುವುದೇ ಇಲ್ಲ, ತಾನೇ ಅಂಚಿಗೆ ಬರುತ್ತದೆ. ನಡಿಗೆ ಮುಗಿದ ಮೇಲೂ ಒಂದೆರಡು ದಿನ ಕೋಶಗಳು ಕರೆಗೆ ಚೆನ್ನಾಗಿ ಓಗೊಡುತ್ತವೆ. ಆಮೇಲೆ ಮತ್ತೆ ಹಳೇ ಚಾಳಿ. ಅದಕ್ಕೇ ಸತತ ಎರಡು ದಿನಕ್ಕಿಂತ ಜಾಸ್ತಿ ಬಿಡುವು ಕೊಡಬೇಡಿ ಅನ್ನುವುದು. ತೂಕ ಇಳಿಯದಿದ್ದರೂ ಈ ಲಾಭ ಸಿಗುತ್ತದೆ.

ಅಂದ ಹಾಗೆ, ‘ಸ್ಥೂಲಕಾಯ’ ಮತ್ತು ‘ಬೊಜ್ಜು’ ಒಂದೇ ಅಂತ ನಾನೂ ಇಷ್ಟು ದಿನ ಬರೆದಿದ್ದೇನೆ. ಈಗ ಬೇರೆ ಇಡಬೇಕು ಅನಿಸುತ್ತಿದೆ. ಬೊಜ್ಜು ಅಂದರೆ ಹೊಟ್ಟೆ ಸುತ್ತ ಸೇರಿದ್ದು. ಈ ಕಾಯಿಲೆಗೆ ಹೆಚ್ಚು ಹತ್ತಿರದ ನಂಟು ಹೊಟ್ಟೆಯೊಳಗಿನ ಕೊಬ್ಬಿಗೇ. ವ್ಯಾಯಾಮ ಮಾಡಿದರೆ ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ಆ ಕೊಬ್ಬು ಕರಗಬಹುದು. ‘ಸ್ಥೂಲಕಾಯ’ ಎಂಬ ಒಂದೇ ಪದದಲ್ಲಿ ಇದನ್ನು ಹೇಳಲು ಬರುವುದಿಲ್ಲ.

ಇನ್ನು ‘ಅಪಾಯ’. 2002ರಲ್ಲಿ ಪ್ರಕಟವಾದ ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಧ್ಯಯನದಲ್ಲಿ ಊಟ ಹಿಡಿತದಲ್ಲಿಟ್ಟು, ವಾರಕ್ಕೆ 150 ನಿಮಿಷ ಮೈ ದಣಿಸುವ ಗುರಿ ಹಿಡಿದವರಿಗೆ ‘ಮಧುಮೇಹದ ಅಪಾಯ ಶೇ. 58 ಕಡಿಮೆ’ ಆಯಿತು ಎಂದು ಬರೆದಿದ್ದೆ. ಇದನ್ನು ಓದಿದ ಗೆಳೆಯರೊಬ್ಬರು ಕಾಯಿಲೆಯ ಜೋರು ಅರ್ಧಕ್ಕಿಳಿಯುತ್ತದೆ ಅಂದುಕೊಂಡರು. ಈಗ ಹೀಗೆ ತಿದ್ದಿದ್ದೇನೆ: ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟ ಗುಂಪಿನಲ್ಲಿ ವರ್ಷಕ್ಕೆ ನೂರಕ್ಕೆ 11 ಜನರಿಗೆ ಮಧುಮೇಹ ಬಂತು, ಈ ಗುಂಪಿನಲ್ಲಿ ಸುಮಾರು 5 ಜನರಿಗೆ. ‘ಅಪಾಯ’ ಎಂಬ ಪದವೇ ಬೇಕಾಗಲಿಲ್ಲ.

ಉಳಿದ ತಲೆನೋವು ಒಂದೇ. ‘ಓಗೊಡದಿರುವುದು’ ವಾಕ್ಯದಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಚಿತ್ರದ ಪಕ್ಕದ ಚಿಕ್ಕ ಚೌಕದಲ್ಲಿ ಹಿಡಿಯುವುದಿಲ್ಲ. ‘ಓಗೊಡಮೆ’ ಅಂತ ಕಟ್ಟಬಹುದಾ, ಅಥವಾ ಅದು ತೀರಾ ಎಳೆದು ತಂದಂತಾಗುತ್ತದಾ? ಚೌಕದಲ್ಲಿ ಮಾತ್ರ ‘ಇನ್ಸುಲಿನ್ ರೆಸಿಸ್ಟೆನ್ಸ್’ ಅಂತಲೇ ಬಿಡಲಾ? ವೈದ್ಯರು ಹೇಳುವುದೂ ಅದನ್ನೇ. ನಿಮ್ಮ ಕಡೆ ಮಾತಿಗೆ ಬಗ್ಗದ, ಕರೆದರೂ ತಿರುಗಿ ನೋಡದ ಮಕ್ಕಳಿಗೆ ಏನಾದರೂ ಒಂದೇ ಪದ ಇದ್ದರೆ ಅದನ್ನೂ ತಿಳಿಸಿ.