ಸಹಾಯ ಬೇಕು: ಒತ್ತಿದಾಗ ಬಣ್ಣ ಬದಲಿಸುವ ಹೈಡ್ರೋಜೆಲ್

ಸದಸ್ಯರೆಲ್ಲರಿಗೂ ನಮಸ್ಕಾರ. ರಸಾಯನಶಾಸ್ತ್ರದ ಸ್ನಾತಕೋತ್ತರ ಪ್ರಾಜೆಕ್ಟಿಗಾಗಿ, ಒತ್ತಡಕ್ಕೆ ಬಣ್ಣ ಬದಲಿಸುವ ಮೃದುವಾದ ಹೈಡ್ರೋಜೆಲ್ (ನೀರು ತುಂಬಿದ ಪಾಲಿಮರ್ ಜಾಲ) ತಯಾರಿಸುತ್ತಿದ್ದು, ಪಾಲಿಮರ್ ಅಥವಾ ಕೊಲಾಯ್ಡ್ ಪ್ರಯೋಗಗಳಲ್ಲಿ ಪಳಗಿದವರ ಸಲಹೆ ಕೋರುತ್ತಿದ್ದೇನೆ.

ಈ ಜೆಲ್‌ಗೆ ಯಾವ ವರ್ಣದ್ರವ್ಯವನ್ನೂ ಸೇರಿಸುವುದಿಲ್ಲ. ಋಣ ವಿದ್ಯುದಂಶ ಹೊತ್ತ ಪಾಲಿಸ್ಟೈರೀನ್ ಸೂಕ್ಷ್ಮಗೋಲಗಳು ನೀರಿನಲ್ಲಿ ಒಂದನ್ನೊಂದು ವಿಕರ್ಷಿಸುತ್ತ ಕ್ರಮಬದ್ಧ ಪದರಗಳಾಗಿ ನಿಲ್ಲುತ್ತವೆ. ಆ ಜೋಡಣೆಯನ್ನು ಪಾಲಿಅಕ್ರಿಲಮೈಡ್ ಜಾಲದಲ್ಲಿ ಸೆರೆಹಿಡಿದರೆ, ಪದರಗಳ ಅಂತರಕ್ಕೆ ತಕ್ಕ ತರಂಗಾಂತರದ ಬೆಳಕು ಬ್ರ್ಯಾಗ್ ನಿಯಮದಂತೆ ಪ್ರತಿಫಲಿಸುತ್ತದೆ. ಮೇಲಿನಿಂದ ಒತ್ತಿದಾಗ ಅಂತರ ಕುಗ್ಗಿ, ಕೆಂಪು ಹಸಿರಿನತ್ತ, ಹಸಿರು ನೀಲಿಯತ್ತ ಸರಿಯಬೇಕು.

ನನ್ನ ತೊಂದರೆ ಅದಕ್ಕೂ ಮೊದಲಿನದು. ಲವಣದ ಅಯಾನುಗಳನ್ನು ಹಿಡಿದು ತೆಗೆಯುವ ಅಯಾನು ವಿನಿಮಯ ರಾಳದಿಂದ ಶುದ್ಧಗೊಳಿಸಿದ ದ್ರವದಲ್ಲಿ ಬಣ್ಣ ಚೆನ್ನಾಗಿಯೇ ಮೂಡುತ್ತದೆ, ಆದರೆ ಜೆಲ್ ಗಟ್ಟಿಯಾಗುವಷ್ಟರಲ್ಲಿ ಎಲ್ಲವೂ ಹಾಲಿನಂತೆ ಬೆಳ್ಳಗಾಗುತ್ತದೆ. ಲವಣದ ಅಯಾನುಗಳು ಗೋಲಗಳ ವಿಕರ್ಷಣೆಯನ್ನು ಕುಂದಿಸಿ ಜೋಡಣೆಯನ್ನು ಕೆಡಿಸುತ್ತವೆ. ಜೆಲ್ ಗಟ್ಟಿಯಾಗುವ ಕ್ರಿಯೆಯನ್ನು ಆರಂಭಿಸಲು ಬಳಸುತ್ತಿದ್ದ ಅಮೋನಿಯಂ ಪರ್ಸಲ್ಫೇಟ್ ತಾನೇ ಲವಣವಾದ್ದರಿಂದ ಅದನ್ನು ಕೈಬಿಟ್ಟು, ನೇರಳಾತೀತ ಬೆಳಕಿಗೆ ಪ್ರತಿಕ್ರಿಯಿಸುವ ಪ್ರಾರಂಭಕವನ್ನು ಬಳಸಿದರೂ ಫಲಿತಾಂಶ ಹೆಚ್ಚು ಸುಧಾರಿಸಿಲ್ಲ. ಅಕ್ರಿಲಮೈಡ್‌ನಲ್ಲಿ ಉಳಿದಿರುವ ಅಯಾನುಗಳ ಮೇಲೆ ನನಗೆ ಅನುಮಾನವಿದೆ. ದೀಪದ ಶಾಖದಿಂದ ದ್ರವ ಕದಡುತ್ತಿರಲೂಬಹುದು. ಮಾನೋಮರ್ (ಅಂದರೆ ಅಕ್ರಿಲಮೈಡ್) ದ್ರಾವಣವನ್ನೂ ರಾಳದೊಂದಿಗೆ ಇರಿಸಿ ಸೋಸಬೇಕೇ? ಅಚ್ಚನ್ನು ತಂಪಾಗಿಡುವುದರಿಂದ ಪ್ರಯೋಜನವಾದ ಅನುಭವ ಯಾರಿಗಾದರೂ ಇದೆಯೇ?

ಇನ್ನೊಂದು ಪ್ರಶ್ನೆ ಅಳತೆಗೆ ಸಂಬಂಧಿಸಿದ್ದು. ಜೆಲ್ ಗಾಳಿಯಲ್ಲಿ ಒಣಗಿದರೂ ಕುಗ್ಗಿ ನೀಲಿಯತ್ತ ಸರಿಯುತ್ತದೆ, ಓರೆಯಾಗಿ ನೋಡಿದರೂ ಹಾಗೆಯೇ ಕಾಣುತ್ತದೆ. ಕೋನದ ಸಮಸ್ಯೆಯನ್ನು ಸ್ಪೆಕ್ಟ್ರೋಮೀಟರ್‌ನ ಬೆಳಕು ಒಯ್ಯುವ ತಂತುವನ್ನು ಲಂಬವಾಗಿ ಬಿಗಿದು ನಿವಾರಿಸಬಹುದು. ಆದರೆ ತೂಕ ಹೇರುವಾಗ ಒಣಗುವಿಕೆಯ ಪರಿಣಾಮವನ್ನು ಒತ್ತಡದ ಪರಿಣಾಮದಿಂದ ಬೇರ್ಪಡಿಸುವ ಸರಳ ವ್ಯವಸ್ಥೆ ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.