6 ಡಾಲರ್‌ನ ಕಸೂತಿ ನಕ್ಷೆ: ಹೊರದೇಶದ ಹಣವನ್ನು ಪಡೆಯುವ ದಾರಿ ಯಾವುದು?

ಪ್ರಶ್ನೆ (ಧಾರವಾಡದಿಂದ)

ನಮಸ್ಕಾರ. ಗೋಪುರ, ತೇರು, ತುಳಸಿಕಟ್ಟೆ ಮೊದಲಾದ ಕಸೂತಿ ಚಿತ್ತಾರಗಳನ್ನು ಚೌಕಳಿ ಹಾಳೆಯ ಮೇಲೆ ಬಿಡಿಸಿ, ಗಾವಂತಿ ಹೊಲಿಗೆ ಎಲ್ಲಿ ಆರಂಭವಾಗಿ ಹೇಗೆ ಅಲ್ಲಿಗೇ ಮರಳಬೇಕೆಂಬುದನ್ನು ಬಾಣದ ಗುರುತುಗಳಿಂದ ತೋರಿಸಿ, ಪಿಡಿಎಫ್ ರೂಪದಲ್ಲಿ ಮಾರುತ್ತೇನೆ. ಒಂದು ನಕ್ಷೆಗೆ 6 ಡಾಲರ್. ಕೊಳ್ಳುವವರು ಹೆಚ್ಚಾಗಿ ಅಮೆರಿಕದವರು. ಈಚೆಗೆ ಜರ್ಮನಿಯಿಂದಲೂ ಕೇಳುತ್ತಿದ್ದಾರೆ. ಇದುವರೆಗೆ ಹಣವೆಲ್ಲ ನ್ಯೂಜೆರ್ಸಿಯಲ್ಲಿರುವ ನನ್ನ ಅಣ್ಣನ ಖಾತೆಗೆ ಹೋಗುತ್ತಿತ್ತು. ಮೂರು ತಿಂಗಳಿಗೊಮ್ಮೆ ಅವನು ಒಟ್ಟಾಗಿ ಕಳುಹಿಸುತ್ತಿದ್ದ. ಕಳೆದ ತಿಂಗಳು ಆನ್‌ಲೈನ್ ಪಾವತಿ ಸಂಸ್ಥೆಯಾದ ಪೇಪಾಲ್‌ನಲ್ಲಿ ಖಾತೆ ತೆರೆದೆ. ಮೊದಲ ಮಾರಾಟದಲ್ಲೇ ಶೇ. 4.4ರ ಜೊತೆಗೆ 30 ಸೆಂಟ್ ಶುಲ್ಕ ಕಳೆದು, ಡಾಲರ್ ರೂಪಾಯಿಯಾಗುವಾಗ ಇನ್ನಷ್ಟು ಕರಗಿ, ಕೈಗೆ ಬಂದದ್ದು ಸುಮಾರು 5 ಡಾಲರ್ 20 ಸೆಂಟ್‌ಗಳಷ್ಟು. ಹಾಗಿದ್ದರೆ ಅಣ್ಣನ ದಾರಿಯೇ ಲೇಸಲ್ಲವೇ?

ಉತ್ತರ 1 (ಲೆಕ್ಕಪತ್ರ ನೋಡಿಕೊಳ್ಳುವವನು, ಹುಬ್ಬಳ್ಳಿ)

ಅಗ್ಗವೇನೋ ಹೌದು, ಆದರೆ ಆ ಹಣ ನಿಮ್ಮ ಬ್ಯಾಂಕಿನ ಕಡತದಲ್ಲಿ ಏನೆಂದು ದಾಖಲಾಗಿದೆ ಎಂಬುದನ್ನು ಮೊದಲು ನೋಡಿ. ಮನೆಯವರು ಕಳುಹಿಸಿದ ಹಣಕ್ಕೆ ಸಾಮಾನ್ಯವಾಗಿ ಪಿ1301 ಎಂಬ ಉದ್ದೇಶ ಸಂಕೇತ (ಹೊರದೇಶದ ಹಣ ಏಕೆ ಬಂತೆಂದು ಬ್ಯಾಂಕು ಗುರುತಿಸುವ ಸಂಖ್ಯೆ) ಬೀಳುತ್ತದೆ. ಅದರ ಅರ್ಥ ಕುಟುಂಬ ನಿರ್ವಹಣೆ, ವ್ಯಾಪಾರವಲ್ಲ. ಜಿಎಸ್‌ಟಿಯಲ್ಲಿ ಸೇವೆಯ ರಫ್ತು ಎನಿಸಿಕೊಳ್ಳಬೇಕಾದರೆ ಗ್ರಾಹಕರು ಹೊರದೇಶದಲ್ಲಿರುವುದಷ್ಟೇ ಸಾಲದು, ಆ ಸೇವೆಯ ಹಣ ವಿದೇಶಿ ವಿನಿಮಯದ ರೂಪದಲ್ಲಿ ಬಂದದ್ದಕ್ಕೆ ಪುರಾವೆಯೂ ಇರಬೇಕು. ಅಣ್ಣನ ಪ್ರೀತಿ ಆ ಪುರಾವೆಯಾಗದು. ಪೇಪಾಲ್ ಆಗಲಿ, ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಗಡಿಯಾಚೆಗಿನ ಪಾವತಿ ಸಂಸ್ಥೆಯಾಗಲಿ, ಹೊರದೇಶದಿಂದ ಹಣ ಬಂದದ್ದನ್ನು ದೃಢಪಡಿಸುವ ಎಫ್‌ಐಆರ್‌ಎ ಎಂಬ ಪತ್ರ ಪಡೆದು ತಿಂಗಳುವಾರು ಜೋಡಿಸಿಡಿ. ಸಂಕೇತವನ್ನೂ ಕಣ್ಣುಮುಚ್ಚಿ ಆರಿಸಬೇಡಿ: ಬಹಳ ಮಂದಿ ಒತ್ತಿಬಿಡುವ ಪಿ0802 ತಂತ್ರಾಂಶ ಸಲಹೆಗೆ ಸೇರಿದ್ದು, ಕಸೂತಿಗೆ ಅಲ್ಲ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸೇವೆ ಒದಗಿಸುವವರಿಗೆ ನೋಂದಣಿ ಕಡ್ಡಾಯವಲ್ಲ. ನೋಂದಾಯಿಸಿಕೊಂಡ ಮೇಲೆ ಮಾತ್ರ ತೆರಿಗೆ ಕಟ್ಟದೆ ರಫ್ತು ಮಾಡಲು ಪ್ರತಿ ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಬೇಕಾಗುತ್ತದೆ.

ಉತ್ತರ 2 (ಅಕ್ಷರಶೈಲಿಗಳನ್ನು ಮಾರುವವಳು, ಮೈಸೂರು)

ನಿಮ್ಮನ್ನು ಕಾಡುತ್ತಿರುವುದು ಶೇಕಡಾವಾರು ಶುಲ್ಕಕ್ಕಿಂತ ಆ 30 ಸೆಂಟ್. 6 ಡಾಲರ್‌ಗೆ ಅವೆರಡೂ ಸೇರಿ ಶೇ. 9.4 ಆಗುತ್ತದೆ, ಐದು ನಕ್ಷೆಗಳ ಕಟ್ಟನ್ನು 24 ಡಾಲರ್‌ಗೆ ಮಾರಿದರೆ ಅದೇ ಶುಲ್ಕ ಶೇ. 5.7ರ ಆಸುಪಾಸಿಗೆ ಇಳಿಯುತ್ತದೆ. ಬಿಡಿ ಅಕ್ಷರಶೈಲಿ ಮಾರುವುದನ್ನು ನಾನು ಕೈಬಿಟ್ಟದ್ದು ಇದೇ ಲೆಕ್ಕದಿಂದ.

ಜರ್ಮನಿಯ ವಿಷಯ ಬೇರೆ. ಐರೋಪ್ಯ ಒಕ್ಕೂಟದಲ್ಲಿ 2015ರಿಂದ ಡಿಜಿಟಲ್ ಸರಕಿನ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಗ್ರಾಹಕನಿರುವ ದೇಶಕ್ಕೆ ಸಲ್ಲಬೇಕು, ಹೊರಗಿನ ಮಾರಾಟಗಾರರಿಗೆ ಕನಿಷ್ಠ ಮಿತಿಯೆಂಬುದೂ ಇಲ್ಲ. ಜರ್ಮನಿಯ ಸಾಮಾನ್ಯ ದರ ಶೇ. 19, ನೀವು 6 ಯೂರೋ ಎಂದು ಬೆಲೆ ಹಚ್ಚಿದರೆ ಅದರೊಳಗೆ 96 ಸೆಂಟ್ ತೆರಿಗೆಯದ್ದೇ. ಪೇಪಾಲ್ ಹಣ ದಾಟಿಸುತ್ತದೆಯೇ ಹೊರತು ಈ ತೆರಿಗೆಯನ್ನು ನಿಮ್ಮ ಪರವಾಗಿ ಕಟ್ಟುವುದಿಲ್ಲ. ಪ್ಯಾಡಲ್‌ನಂತಹ ಸಂಸ್ಥೆಗಳು, 2025ರ ಜನವರಿ 1ರಿಂದ ಗಮ್‌ರೋಡ್ ಕೂಡ, ಕಾಗದದ ಮೇಲೆ ತಾವೇ ಮಾರಾಟಗಾರರಾಗಿ ನಿಂತು ತೆರಿಗೆ ವಸೂಲಿ ಮಾಡಿ ಕಟ್ಟುತ್ತವೆ. ಶುಲ್ಕ ಹೆಚ್ಚು, ಆದರೆ ತೆರಿಗೆಯ ಅರ್ಜಿಗಳನ್ನು ತುಂಬುತ್ತಾ ಕೂರುವ ಸಮಯದಲ್ಲಿ ಒಂದು ತೇರು ಬಿಡಿಸಬಹುದು. ಸ್ಟ್ರೈಪ್ ಎಂಬ ಇನ್ನೊಂದು ಪಾವತಿ ಸಂಸ್ಥೆಯ ಆಸೆ ಇಟ್ಟುಕೊಳ್ಳಬೇಡಿ. 2024ರ ಮೇ ತಿಂಗಳಲ್ಲಿ ಅದು ಭಾರತದಲ್ಲಿ ಆಹ್ವಾನಿತರಿಗೆ ಮಾತ್ರ ಎಂದಾಯಿತು.

ಪ್ರಶ್ನೆ ಕೇಳಿದವಳು

ಇಬ್ಬರಿಗೂ ಧನ್ಯವಾದಗಳು. ಪಾಸ್‌ಬುಕ್ ಬಿಟ್ಟು ಬ್ಯಾಂಕಿಗೇ ಹೋಗಿ ವಿಚಾರಿಸಿದೆ. ಅಣ್ಣ ಕಳುಹಿಸಿದ ನಾಲ್ಕೂ ಮೊತ್ತಗಳಿಗೆ ಪಿ1301 ಎಂದೇ ಇದೆ. ಅವುಗಳ ಆದಾಯವನ್ನು ಹೇಗೆ ತೋರಿಸಬೇಕೆಂದು ಸೋಮವಾರ ಲೆಕ್ಕಪರಿಶೋಧಕರನ್ನು ಕಾಣಲಿದ್ದೇನೆ. ಐದು ನಕ್ಷೆಗಳ ಕಟ್ಟನ್ನು ಇನ್ನು ಮುಂದೆ ತೆರಿಗೆ ಕಟ್ಟುವ ಮಧ್ಯವರ್ತಿಯ ಮೂಲಕವೇ ಮಾರುತ್ತೇನೆ. ಆ ವ್ಯವಸ್ಥೆ ಆಗುವವರೆಗೆ ಜರ್ಮನಿಯ ಮೂವರಿಗೆ ಕಾಯಲು ಹೇಳಿದ್ದೇನೆ.